ಬೇವಿನ ಎಲೆ, ಬೆಳ್ಳಿಯ ಕಣ, ಉಳಿದ ಗುಳಿಗೆ

(ನಮ್ಮ ಸಂಘದ ಆಶ್ರಯದಲ್ಲಿ ಸಾಂತಾಕ್ರೂಜ್‌ನಲ್ಲಿ ಜರುಗಿದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ನಿಮಿತ್ತ ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾವು ನಾಡುನುಡಿಗಳ ವಿಷಯವನ್ನೇ ಎತ್ತಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ವಿಷಯ ಇಂಥದೆಂದು ತಿಳಿಸಿದಾಗ ಒಂದು ಕ್ಷಣ ಸುಮ್ಮನಾದರು. "ಬೆಳ್ಳಿ, ಬೇವಿನ ಸೊಪ್ಪು, ರೋಗಾಣು! ಇದರಲ್ಲಿ ರಾಜ್ಯೋತ್ಸವ ಎಲ್ಲಿ ಬಂತು, ಮಾಸ್ತರೇ?" ಎಂದು ಕೇಳಿದರು. ಕೊನೆಯವರೆಗೆ ಕೇಳಿದರೆ ಬರುತ್ತದೆ ಎಂದು ನಾವು ಮಾತು ಕೊಟ್ಟಿದ್ದೇವೆ. ಅದನ್ನು ಉಳಿಸಿಕೊಳ್ಳುವ ಭಾರ ಈಗ ನಮ್ಮ ಮೇಲಿದೆ.

ಮೊದಲೇ ಒಂದು ಮಾತನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾವು ವೈದ್ಯರಲ್ಲ. ಈ ಊರಿನ ಹುಡುಗರಿಗೆ ಬಹುಕಾಲ ರಸಾಯನಶಾಸ್ತ್ರವನ್ನು ಕಲಿಸಿ ಹೊಟ್ಟೆ ಹೊರೆದವರು. ಆದುದರಿಂದ ಯಾರಿಗೂ ಔಷಧಿ ಹೇಳುವ ಅಧಿಕಾರ ನಮಗಿಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ತಪ್ಪನ್ನು ನಿಮ್ಮ ಮುಂದೆ ಇಟ್ಟು, ಅದರ ಹಿಂದಿನ ಶಾಸ್ತ್ರವನ್ನು ತಿಳಿದಷ್ಟು ಬಿಡಿಸಿ ಹೇಳುವುದಷ್ಟೇ ನಮ್ಮ ಉದ್ದೇಶ.

ನಮ್ಮ ಚಿಕ್ಕಮ್ಮ ಕುಂದಾಪುರದ ಹತ್ತಿರದ ಒಂದು ಹಳ್ಳಿಯಲ್ಲಿರುವವರು. ತಾಯಿಯಿಲ್ಲದ ನಮ್ಮನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಜೀವ. ಹಿಂದೆ ಬಸ್ಸಿನಲ್ಲಿ, ಕೊಂಕಣ ರೈಲು ಬಂದ ಮೇಲೆ ರೈಲಿನಲ್ಲಿ, ನಾವು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆವು. ಮುಂಬಯಿಯಿಂದ ಹೋಗುವವನ ಚೀಲದಲ್ಲಿ ಏನೇನಿರುತ್ತದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಂದು ಸೀರೆ, ಮಾಹಿಮಿನ ಹಲ್ವ, ಮಂಡಿನೋವಿಗೆ ಎಣ್ಣೆ, ಅವುಗಳ ಜೊತೆಗೆ ಒಂದು ಪೊಟ್ಟಣ ಗುಳಿಗೆ. ಗುರುತಿನ ಅಂಗಡಿಯವನು ಚೀಟಿ ಕೇಳದೆ ಕೊಡುತ್ತಿದ್ದ. ನಾವೂ ಸಂಕೋಚವಿಲ್ಲದೆ ತರುತ್ತಿದ್ದೆವು. ಹಳ್ಳಿಯಲ್ಲಿ ರಾತ್ರಿ ಹೊತ್ತು ಜ್ವರ ಬಂದರೆ ಪಾಪ, ಎಲ್ಲಿಗೆ ಹೋಗಿಯಾರು ಎಂಬ ಪ್ರೀತಿಯೇ ಅದಕ್ಕೆ ಕಾರಣ. ಆ ಗುಳಿಗೆಗಳಲ್ಲಿ ಆಂಟಿಬಯೋಟಿಕ್ ಎಂಬ ಜಾತಿಯವೂ ಇರುತ್ತಿದ್ದವು.

ಎರಡು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಚಿಕ್ಕಮ್ಮನಿಗೆ ನಡುಕದ ಜ್ವರ ಹಿಡಿಯಿತು. ಮೂತ್ರದ ಸೋಂಕೆಂದು ತಿಳಿಯಿತು. ಸಾಮಾನ್ಯವಾಗಿ ಕೊಡುವ ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಕೊಟ್ಟರು, ಅದೂ ನಾಟಲಿಲ್ಲ. ನಾವು ಊರಿಗೆ ಓಡಿದೆವು. ಆಸ್ಪತ್ರೆಯಲ್ಲಿ ರೋಗಾಣುವನ್ನು ಬೆಳೆಸಿ ಪರೀಕ್ಷೆ ಮಾಡಿ ಒಂದು ಕಾಗದ ಕೊಟ್ಟರು. ಅದರಲ್ಲಿ ಸಾಲಾಗಿ ಔಷಧಿಗಳ ಹೆಸರು, ಒಂದೊಂದು ಹೆಸರಿನ ಮುಂದೆಯೂ ಒಂದೊಂದು ಅಕ್ಷರ. ಹೆಚ್ಚಿನವುಗಳ ಮುಂದೆ 'ಆರ್' ಎಂದು ಬರೆದಿತ್ತು. ಈ ರೋಗಾಣು ಈ ಔಷಧಿಗೆ ಜಗ್ಗುವುದಿಲ್ಲ ಎಂದು ಅದರ ಅರ್ಥ. ನಾವು ಪರೀಕ್ಷೆಯ ಎಷ್ಟೋ ಅಂಕಪಟ್ಟಿಗಳನ್ನು ನೋಡಿದವರು. ಅಂಥ ಅಂಕಪಟ್ಟಿಯನ್ನು ಕಂಡಿರಲಿಲ್ಲ. ಉಳಿದಿದ್ದ ಎರಡು ಮೂರು ಔಷಧಿಗಳಲ್ಲಿ ಒಂದನ್ನು ದಿನವೂ ಸೂಜಿಯ ಮೂಲಕ ಕೊಟ್ಟರು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಚಿಕ್ಕಮ್ಮ ಬದುಕಿಕೊಂಡರು. ಹೊರಡುವಾಗ ವೈದ್ಯರು ನಮ್ಮನ್ನು ಬದಿಗೆ ಕರೆದು, "ಮುಂದಿನ ಸಲ ಇದೂ ನಾಟದಿದ್ದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ" ಎಂದರು.

ಆ ಹತ್ತು ದಿನಗಳಲ್ಲಿ ಎರಡು ಸಲಹೆಗಳು ಬಂದವು. ನೆಂಟರೊಬ್ಬರು "ಬೆಳ್ಳಿ ನೀರು" ಎಂಬ ಒಂದು ಸೀಸೆ ತಂದುಕೊಟ್ಟು, ದಿನಕ್ಕೆರಡು ಚಮಚ ಕುಡಿಸಿರೆಂದರು. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಸೋದರಳಿಯ ಇಲ್ಲಿಂದ ಫೋನು ಮಾಡಿ, "ಮಾವ, ಗಿಡದ ಎಲೆಯ ರಸದಿಂದ ಬೆಳ್ಳಿಯ ನ್ಯಾನೋ ಕಣ ಮಾಡುತ್ತಾರಂತೆ, ಔಷಧಿಗೆ ಜಗ್ಗದ ರೋಗಾಣುವೂ ಅದಕ್ಕೆ ಸಾಯುತ್ತದಂತೆ. ಅದನ್ನೇಕೆ ಕೊಡುವುದಿಲ್ಲ?" ಎಂದು ಕೇಳಿದ. ನೆಂಟರ ಸೀಸೆಯನ್ನು ನಾವು ಮೂಲೆಗಿಟ್ಟೆವು. ಹುಡುಗನ ಪ್ರಶ್ನೆಯನ್ನು ಹಾಗೆ ಮೂಲೆಗಿಡುವಂತಿರಲಿಲ್ಲ; ಅದು ತಕ್ಕ ಪ್ರಶ್ನೆ. ಇಂದಿನ ಭಾಷಣ ಅದಕ್ಕೆ ಕೊಡುವ ಉತ್ತರ.

ಮೊದಲು ರೋಗಾಣುವಿನ ಕಡೆ ನೋಡೋಣ. ೧೯೨೮ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ಶಾಸ್ತ್ರಜ್ಞನು, ತಾನು ರೋಗಾಣು ಬೆಳೆಸಿದ್ದ ತಟ್ಟೆಯಲ್ಲಿ ಬೂಷ್ಟು ಬಂದಿರುವುದನ್ನೂ ಆ ಬೂಷ್ಟಿನ ಸುತ್ತ ರೋಗಾಣುಗಳು ಕರಗಿಹೋಗಿರುವುದನ್ನೂ ಕಂಡನು. ಅದರಿಂದ ಪೆನಿಸಿಲಿನ್ ಬಂತು. ಎರಡನೆಯ ಮಹಾಯುದ್ಧದಲ್ಲಿ ಅದು ಲೆಕ್ಕವಿಲ್ಲದಷ್ಟು ಜನರ ಪ್ರಾಣ ಉಳಿಸಿತು. ೧೯೫೪ರಲ್ಲಿ ನಮ್ಮ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರಕಾರವು ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಎಂಬ ಕಾರಖಾನೆಯನ್ನು ತೆರೆದ ಮೇಲೆ ನಮ್ಮ ದೇಶದಲ್ಲೇ ಅದು ತಯಾರಾಗತೊಡಗಿತು. ಹೆರಿಗೆಯ ಜ್ವರ, ನ್ಯುಮೋನಿಯ, ಕಾಲಿಗೆ ಮುಳ್ಳು ಚುಚ್ಚಿ ಬಂದ ನಂಜು ಮುಂತಾದುವು ಮೊದಲಿನಂತೆ ಯಮದೂತರಾಗಿ ಉಳಿಯಲಿಲ್ಲ. ಆದರೆ ಫ್ಲೆಮಿಂಗ್ ೧೯೪೫ರಲ್ಲಿ ನೊಬೆಲ್ ಬಹುಮಾನ ಪಡೆದು ಮಾತನಾಡುವಾಗಲೇ ಎಚ್ಚರಿಕೆ ಕೊಟ್ಟಿದ್ದನು: ಔಷಧಿಯನ್ನು ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣು ಸಾಯುವುದಿಲ್ಲ, ಬದಲಾಗಿ ಔಷಧಿಯನ್ನು ಎದುರಿಸಲು ಕಲಿಯುತ್ತದೆ ಎಂದು. ಆ ಮಾತು ಹೇಳಿ ಎಂಬತ್ತು ವರ್ಷಗಳಾದವು.

ಕಲಿಯುತ್ತದೆ ಎಂದರೆ ರೋಗಾಣುವಿಗೆ ಬುದ್ಧಿಯಿದೆಯೆಂದಲ್ಲ. ಕೋಟಿಗಟ್ಟಲೆ ರೋಗಾಣುಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ಸ್ವಲ್ಪ ಬೇರೆಯಾಗಿರುತ್ತವೆ. ಔಷಧಿ ಬಿದ್ದಾಗ ಉಳಿದವೆಲ್ಲ ಸಾಯುತ್ತವೆ, ಈ ಮೊಂಡ ಜಾತಿ ಉಳಿಯುತ್ತದೆ. ಗದ್ದೆ ಖಾಲಿಯಾದ ಮೇಲೆ ಅದರ ಸಂತತಿಗೇ ರಾಜ್ಯ. ಒಂದು ಜಾತಿ ಔಷಧಿಯನ್ನು ತುಂಡರಿಸುವ ರಸವನ್ನು ಸ್ರವಿಸುತ್ತದೆ. ಇನ್ನೊಂದು, ಒಳಗೆ ಬಂದ ಔಷಧಿಯನ್ನು ಪಂಪಿನಂತೆ ಹೊರಕ್ಕೆ ಎತ್ತಿಹಾಕುತ್ತದೆ. ಮತ್ತೊಂದು, ಔಷಧಿ ಹೊಕ್ಕುವ ಬಾಗಿಲನ್ನೇ ಕಿರಿದು ಮಾಡಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹೀಗೆ ಕಲಿತ ವಿದ್ಯೆಯನ್ನು ಅವು ನೆರೆಯ ರೋಗಾಣುಗಳಿಗೆ ಹಂಚುತ್ತವೆ! ನಮ್ಮ ಚಾಳುಗಳಲ್ಲಿ ಒಂದು ಮನೆಯ ಹೆಪ್ಪು ಬಟ್ಟಲಿನಲ್ಲಿ ಪಕ್ಕದ ಮನೆಗೆ ಹೋಗಿ ಅಲ್ಲಿಯೂ ಮೊಸರಾಗುವಂತೆ, ಪ್ಲಾಸ್ಮಿಡ್ ಎಂಬ ಒಂದು ಚಿಕ್ಕ ಬಳೆಯಂಥ ವಸ್ತು ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಒಂದೇ ಬಳೆಯಲ್ಲಿ ಐದಾರು ಔಷಧಿಗಳನ್ನು ಎದುರಿಸುವ ವಿದ್ಯೆ ಇರುವುದೂ ಉಂಟು. ಚಿಕ್ಕಮ್ಮನ ಕಾಗದದಲ್ಲಿ ಅಷ್ಟೊಂದು 'ಆರ್'ಗಳು ಒಟ್ಟಿಗೆ ಕುಳಿತಿದ್ದುದು ಇಂಥ ಕಾರಣಗಳಿಂದ.

ಇದು ಕುಂದಾಪುರದ ಒಂದು ಹಳ್ಳಿಯ ಮಾತಲ್ಲ. ೨೦೧೧ರ ಕೊನೆಯಲ್ಲಿ, ಇಲ್ಲಿಂದ ಕೂಗಳತೆಯಲ್ಲಿರುವ ಮಾಹಿಮಿನ ಹಿಂದುಜಾ ಆಸ್ಪತ್ರೆಯ ವೈದ್ಯರು, ಪರೀಕ್ಷಿಸಿ ನೋಡಿದ ಯಾವ ಔಷಧಿಗೂ ಜಗ್ಗದ ಕ್ಷಯರೋಗದ ನಾಲ್ವರು ರೋಗಿಗಳ ವಿಷಯವನ್ನು ಪ್ರಕಟಿಸಿದರು. ೨೦೧೨ರ ಜನವರಿಯಲ್ಲಿ ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಕ್ಷಯಕ್ಕೆ ಹೊಸ ಔಷಧಿಗಳು ಬಂದಿವೆಯೆಂಬುದು ಸಮಾಧಾನದ ಸಂಗತಿ. ಆದರೆ ೨೦೧೯ನೆಯ ಒಂದೇ ವರ್ಷದಲ್ಲಿ, ಔಷಧಿಗೆ ಜಗ್ಗದ ರೋಗಾಣುಗಳಿಂದಲೇ ಜಗತ್ತಿನಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನ ಸತ್ತರೆಂದು ೨೦೨೨ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ಲೆಕ್ಕ ಹಾಕಿದೆ.

ಇನ್ನು ಬೆಳ್ಳಿಯ ಕಡೆಗೆ ಬರೋಣ. ಮಗುವಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆ, ಮನೆಗೆ ಬಂದ ಅಳಿಯನಿಗೆ ಬೆಳ್ಳಿಯ ಲೋಟ, ಇವು ನಮ್ಮ ಹಿರಿಯರಿಂದ ಬಂದ ಪದ್ಧತಿ. ಅವರು ಅದನ್ನು ಸಿರಿಗಾಗಿ ಮಾಡಿದರೋ ಆರೋಗ್ಯಕ್ಕಾಗಿ ಮಾಡಿದರೋ, ಚರ್ಚೆ ಬೇಡ. ಬೆಳ್ಳಿಗೆ ರೋಗಾಣುವನ್ನು ಕೊಲ್ಲುವ ಗುಣ ಇರುವುದಂತೂ ನಿಜ. ೧೮೮೧ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕ್ರೆಡೆ ಎಂಬ ಹೆರಿಗೆಯ ವೈದ್ಯನು, ಹುಟ್ಟಿದ ಕೂಡಲೆ ಮಗುವಿನ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಹಾಕಿದರೆ ಕುರುಡು ತರುವ ಸೋಂಕು ತಪ್ಪುತ್ತದೆಂದು ತೋರಿಸಿದನು. ೧೯೬೮ರಲ್ಲಿ ಸುಟ್ಟಗಾಯಕ್ಕೆ ಹಚ್ಚುವ ಬೆಳ್ಳಿಯ ಮುಲಾಮು ಬಂತು. ಈ ಸಭೆಯಲ್ಲಿ ಹೋಟೆಲಿನ ಅಡಿಗೆಮನೆಯಲ್ಲಿ ದುಡಿದು ಮೇಲೆ ಬಂದವರು ಅನೇಕರಿದ್ದೀರಿ. ಕಾವಲಿಗೆ ಕೈ ತಾಗಿದಾಗ, ಸಾಂಬಾರು ಮೈಮೇಲೆ ಚೆಲ್ಲಿದಾಗ, ಕಪಾಟಿನಿಂದ ತೆಗೆದು ಹಚ್ಚುತ್ತಿದ್ದ ಬಿಳಿಯ ಮುಲಾಮು ನೆನಪಿದೆಯಲ್ಲವೆ? ಅದರೊಳಗೆ ಇದ್ದುದು ಬೆಳ್ಳಿಯೇ. (ಸಣ್ಣ ಸುಟ್ಟಗಾಯಕ್ಕೆ ಮೊದಲು ಮಾಡಬೇಕಾದುದು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರನ್ನು ಹಾಯಿಸುವುದು, ಆ ಮುಲಾಮು ಎಲ್ಲ ಗಾಯಕ್ಕೂ ಬೇಕಾಗಿಲ್ಲ, ಕೆಲವೊಮ್ಮೆ ಗಾಯ ಮಾಯುವುದನ್ನು ತಡಮಾಡುತ್ತದೆ ಎಂದು ಈಗಿನ ವೈದ್ಯರು ಹೇಳುತ್ತಾರೆ. ಇದನ್ನು ಅಡಿಗೆಮನೆಯ ಹುಡುಗರಿಗೆ ದಯವಿಟ್ಟು ತಿಳಿಸಿರಿ.)

ಬೆಳ್ಳಿ ಹೇಗೆ ಕೊಲ್ಲುತ್ತದೆ? ಒದ್ದೆಯಲ್ಲಿರುವ ಬೆಳ್ಳಿಯಿಂದ ವಿದ್ಯುದಂಶವುಳ್ಳ ಅತಿ ಸೂಕ್ಷ್ಮ ಕಣಗಳು, ಅಂದರೆ ಅಯಾನುಗಳು, ಬಿಡುಗಡೆಯಾಗುತ್ತವೆ. ಬೆಳ್ಳಿಗೂ ಗಂಧಕಕ್ಕೂ ಬಲು ನಂಟು. ಬೆಳ್ಳಿಯ ದೀಪ ಕಪ್ಪಾಗುವುದು ಈ ನಂಟಿನಿಂದಲೇ. ರೋಗಾಣುವಿನ ಮೈಯ ಪ್ರೋಟೀನುಗಳಲ್ಲಿಯೂ ಗಂಧಕವಿದೆ. ಬೆಳ್ಳಿ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಪ್ರೋಟೀನುಗಳ ಕೆಲಸ ಕೆಡುತ್ತದೆ, ಹೊರಪೊರೆ ಸಡಿಲವಾಗುತ್ತದೆ, ಉಸಿರಾಟದ ಏರ್ಪಾಡು ತಪ್ಪುತ್ತದೆ. ಸಾಮಾನ್ಯ ಆಂಟಿಬಯೋಟಿಕ್ ಒಂದು ಕಡೆ ಹೊಡೆದರೆ ಬೆಳ್ಳಿ ಏಕಕಾಲದಲ್ಲಿ ಹಲವು ಕಡೆ ಹೊಡೆಯುತ್ತದೆ. ಆದುದರಿಂದಲೇ ಔಷಧಿಗೆ ಜಗ್ಗದ ರೋಗಾಣುವೂ ಬೆಳ್ಳಿಗೆ ಜಗ್ಗಬಹುದೆಂಬ ಆಸೆ ಹುಟ್ಟಿದುದು.

ಹಾಗಾದರೆ ಬೆಳ್ಳಿಯ ಲೋಟ ಸಾಲದೆ? ನ್ಯಾನೋ ಕಣವೇಕೆ? ಬೆಲ್ಲದ ಅಚ್ಚನ್ನು ನೀರಿಗೆ ಹಾಕಿದರೆ ನಿಧಾನವಾಗಿ ಕರಗುತ್ತದೆ, ಹೆರೆದು ಹಾಕಿದರೆ ಬೇಗ ಕರಗುತ್ತದೆ. ನೀರಿಗೆ ತಾಗುವ ಮೈ ಹೆಚ್ಚಾಗುವುದೇ ಕಾರಣ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಬೆಳ್ಳಿಯ ತುಂಡನ್ನು ತೆಗೆದುಕೊಳ್ಳಿರಿ. ತೂಕ ಒಂದು ತೊಲಕ್ಕಿಂತ ಸ್ವಲ್ಪ ಕಡಿಮೆ. ಅದರ ಆರು ಮುಖಗಳ ಒಟ್ಟು ಮೈ ೬ ಚದರ ಸೆಂಟಿಮೀಟರ್, ಒಂದು ದೊಡ್ಡ ಅಂಚೆಚೀಟಿಯಷ್ಟು. ಅದೇ ಬೆಳ್ಳಿಯನ್ನು ೧೦ ನ್ಯಾನೋಮೀಟರಿನ ತುಂಡುಗಳಾಗಿ ಮಾಡಿದರೆ ಒಟ್ಟು ಮೈ ೬೦೦ ಚದರ ಮೀಟರ್ ಆಗುತ್ತದೆ. ಮುಂಬಯಿಯವರಿಗೆ ಚದರ ಅಡಿಯಲ್ಲಿ ಹೇಳಿದರೇ ತಿಳಿಯುವುದು: ಸುಮಾರು ೬,೪೦೦ ಚದರ ಅಡಿ. ನಾನೂರು ಚದರ ಅಡಿಯ ಹದಿನಾರು ಮನೆಗಳು ಒಂದು ತೊಲದೊಳಗೆ! ಇಂಥ ವಿದ್ಯೆ ಸಾಂತಾಕ್ರೂಜ್‌ನ ಮನೆಗಳಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಇಷ್ಟು ಸಣ್ಣ ಬೆಳ್ಳಿಯನ್ನು ಅರಗೋಲಿನಿಂದ ಉಜ್ಜಿ ಮಾಡಲಾಗುವುದಿಲ್ಲ. ಬೆಳ್ಳಿಯ ಲವಣವನ್ನು ನೀರಿನಲ್ಲಿ ಕರಗಿಸಿ, ಅಲ್ಲಿರುವ ಬೆಳ್ಳಿಯ ಅಯಾನಿಗೆ ಒಂದೊಂದು ಇಲೆಕ್ಟ್ರಾನನ್ನು ಕೊಟ್ಟರೆ ಅದು ಮತ್ತೆ ಲೋಹವಾಗುತ್ತದೆ. ಇಲೆಕ್ಟ್ರಾನನ್ನು ಕೊಡಲು ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ತೀಕ್ಷ್ಣವಾದ ರಾಸಾಯನಿಕಗಳನ್ನು ಬಳಸುತ್ತಾರೆ. ಅವುಗಳಲ್ಲಿ ಕೆಲವು ವಿಷ. ಆ ಕೆಲಸವನ್ನು ಗಿಡದ ಎಲೆ ಮಾಡೀತೆ ಎಂಬ ಪ್ರಶ್ನೆಗೆ ಉತ್ತರ ದೊರಕಿದ ಸ್ಥಳಗಳಲ್ಲಿ ಒಂದು ನಮ್ಮ ನೆರೆಯ ಪುಣೆ. ಅಲ್ಲಿಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರೂ ಅವರ ಸಂಗಡಿಗರೂ ಮೊದಲು ಜಿರೇನಿಯಂ ಎಲೆಯಿಂದ, ೨೦೦೪ರಲ್ಲಿ ಪ್ರಕಟಿಸಿದಂತೆ ಬೇವಿನ ಎಲೆಯಿಂದ, ಬೆಳ್ಳಿಯ ನ್ಯಾನೋ ಕಣಗಳನ್ನು ಮಾಡಿ ತೋರಿಸಿದರು.

ಕ್ರಮ ಕೇಳಿದರೆ ಕಷಾಯ ಮಾಡಿದಂತೆಯೇ ಇದೆ. ಎಲೆಯನ್ನು ತೊಳೆದು, ಹೆಚ್ಚಿ, ನೀರಿನಲ್ಲಿ ಕುದಿಸಿ, ಸೋಸುವುದು. ಆ ರಸವನ್ನು ಬೆಳ್ಳಿಯ ಲವಣದ ನೀರಿಗೆ ಬೆರೆಸಿ ಇಡುವುದು. ಕೆಲವು ಗಂಟೆಗಳಲ್ಲಿ ಅದು ಹಳದಿಯಾಗಿ, ಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಬಿಳಿಯಲ್ಲವೆ, ಈ ಬಣ್ಣ ಎಲ್ಲಿಂದ ಎಂದು ನೀವು ಕೇಳಬಹುದು. ಬೆಳ್ಳಿ ಅಷ್ಟು ಸಣ್ಣದಾದಾಗ ಅದರ ಇಲೆಕ್ಟ್ರಾನುಗಳು ಬೆಳಕಿನ ನೇರಳೆ ನೀಲಿಯ ಭಾಗವನ್ನು ನುಂಗಿಕೊಳ್ಳುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಬಣ್ಣ ಬಂತೆಂದರೆ ಕಣ ಹುಟ್ಟಿತೆಂದು ಮೊದಲ ಗುರುತು.

ಇಲ್ಲಿ ಎಲೆ ಮಾಡುವ ಕೆಲಸ ಎರಡು. ಅದರಲ್ಲಿರುವ ಸಕ್ಕರೆ, ಒಗರಿನ ಅಂಶ ಮುಂತಾದುವು ಬೆಳ್ಳಿಗೆ ಇಲೆಕ್ಟ್ರಾನನ್ನು ಕೊಡುತ್ತವೆ, ಇದು ಮೊದಲನೆಯದು. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಎಲೆಯ ಬೇರೆ ಕೆಲವು ಅಂಶಗಳು ಸುತ್ತ ಹೊದಿಕೆಯಾಗಿ ನಿಲ್ಲುತ್ತವೆ, ಇದು ಎರಡನೆಯದು. ಹಪ್ಪಳ ಲಟ್ಟಿಸುವಾಗ ಒಂದಕ್ಕೊಂದು ಹತ್ತದಂತೆ ನೀವು ಹಿಟ್ಟು ಉದುರಿಸುತ್ತೀರಲ್ಲ, ಹಾಗೆ. ಅಂದಮೇಲೆ ರೋಗಾಣುವನ್ನು ಕೊಲ್ಲುವುದು ಮುಖ್ಯವಾಗಿ ಬೆಳ್ಳಿ. ಬೇವು ಬೆಳ್ಳಿಯ ಕಮ್ಮಾರ. ಇದನ್ನು ಮರೆತವರೇ ಬೇವಿನ ಕಷಾಯಕ್ಕೂ ಈ ಕಣಕ್ಕೂ ಗಂಟು ಹಾಕುವುದು.

ಪುಣೆಯ ಬಳಿಕ ಈ ಕೆಲಸ ಕಾಳ್ಗಿಚ್ಚಿನಂತೆ ಹಬ್ಬಿತು. ತುಳಸಿ, ನೆಲ್ಲಿ, ಲೋಳೆಸರ, ಹಿತ್ತಲಿನ ಯಾವ ಗಿಡವನ್ನೂ ಶಾಸ್ತ್ರಜ್ಞರು ಬಿಟ್ಟಿಲ್ಲ. ನಮ್ಮ ಗುಲ್ಬರ್ಗ ವಿಶ್ವವಿದ್ಯಾಲಯದವರು ೨೦೦೮ರಲ್ಲಿ ಒಂದು ಬಗೆಯ ಬೂಷ್ಟಿನಿಂದ ಬೆಳ್ಳಿಯ ಕಣ ಮಾಡಿದುದನ್ನು ಪ್ರಕಟಿಸಿದರು. ಇಲ್ಲೇ ಕಲಿನಾದ ವಿದ್ಯಾನಗರಿಯಲ್ಲಿ, ೧೯೭೮ರಲ್ಲಿ ಆರಂಭವಾದ ನಮ್ಮ ಕನ್ನಡ ವಿಭಾಗ ಇರುವ ಅದೇ ಆವರಣದಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ನ್ಯಾನೋ ವಿಜ್ಞಾನ ಕೇಂದ್ರವೂ ಇದೆ. ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಆ ಕಟ್ಟಡದ ಹಲಗೆಯನ್ನು ಓದಿದ್ದೇವೆ?

ಈಗ ಸೋದರಳಿಯನ ಪ್ರಶ್ನೆಗೆ ಬರೋಣ. ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಬಿತ್ತಿ, ನಡುವೆ ಈ ಕಣದ ಒಂದು ಹನಿ ಇಟ್ಟರೆ ಸುತ್ತಲೂ ರೋಗಾಣು ಬೆಳೆಯದ ಒಂದು ಬಯಲು ಉಂಟಾಗುತ್ತದೆ. ಔಷಧಿಗೆ ಜಗ್ಗದ ರೋಗಾಣುವಿನಲ್ಲಿಯೂ ಹೀಗಾಗುವುದುಂಟು. ಹಳೆಯ ಆಂಟಿಬಯೋಟಿಕ್ಕಿನ ಜೊತೆಗೆ ಬೆರೆಸಿದಾಗ ಎರಡೂ ಸೇರಿ ಹೆಚ್ಚು ಕೆಲಸ ಮಾಡಿದ ಪ್ರಯೋಗಗಳೂ ಇವೆ. ಪತ್ರಿಕೆಯ ಸುದ್ದಿ ಸುಳ್ಳಲ್ಲ. ಆದರೆ ಗಾಜಿನ ತಟ್ಟೆಗೆ ಹೊಟ್ಟೆಯಿಲ್ಲ, ಮೂತ್ರಕೋಶವಿಲ್ಲ, ನೋವೂ ಇಲ್ಲ. ನಮ್ಮ ರಕ್ತದಲ್ಲಿ ಉಪ್ಪಿದೆ, ಪ್ರೋಟೀನಿದೆ. ಅವು ಬೆಳ್ಳಿಯನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಹೆಚ್ಚು ಕೊಟ್ಟರೋ, ಬೆಳ್ಳಿಗೆ ಶತ್ರು ಮಿತ್ರ ಎಂಬ ಭೇದ ಅಷ್ಟಾಗಿ ತಿಳಿಯದು. ನಮ್ಮ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಇನ್ನೊಂದು ತೊಡಕು ಎಲೆಯದು. ಚೈತ್ರದ ಬೇವಿನ ಚಿಗುರು ಬೇರೆ, ಮಳೆಗಾಲದ ಬಲಿತ ಎಲೆ ಬೇರೆ. ಕಲಬುರಗಿಯ ಬೇವು ಬೇರೆ, ಸಾಂತಾಕ್ರೂಜ್‌ನ ಬೇವು ಬೇರೆ. ಎಲೆ ಬದಲಾದರೆ ಕಣದ ಗಾತ್ರ ಬದಲಾಗುತ್ತದೆ, ಗಾತ್ರ ಬದಲಾದರೆ ಗುಣ ಬದಲಾಗುತ್ತದೆ. ಔಷಧಿಯೆಂದರೆ ಒಂದೊಂದು ಗುಳಿಗೆಯೂ ಇನ್ನೊಂದರಂತೆಯೇ ಇರಬೇಕು.

ಆದುದರಿಂದ ಬೆಳ್ಳಿಯ ಬಳಕೆ ಇಂದು ಬಹುಮಟ್ಟಿಗೆ ಮೈಯ ಹೊರಗಡೆ. ಗಾಯದ ಪಟ್ಟಿಗಳಲ್ಲಿ ಅದು ಇದೆ. ೨೦೦೯ರಲ್ಲಿ ಟಾಟಾದವರು ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣ ಹತ್ತಿಸಿ ಕುಡಿಯುವ ನೀರಿನ ಶೋಧಕವನ್ನು ಮಾರುಕಟ್ಟೆಗೆ ತಂದರು. ನೆಂಟರು ತಂದ ಸೀಸೆಯ ಮಾತು ಬೇರೆ. ಬೆಳ್ಳಿಯನ್ನು ಬಹುಕಾಲ ಕುಡಿದವರ ಚರ್ಮ ಬೂದಿ ನೀಲಿ ಬಣ್ಣಕ್ಕೆ ತಿರುಗುತ್ತದೆ, ತಿರುಗಿದ್ದು ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುವುದಿಲ್ಲ. ಅಂಗಡಿಯಲ್ಲಿ ಮಾರುವ ಇಂಥ ಬೆಳ್ಳಿ ನೀರುಗಳು ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೇರಿಕದ ಔಷಧಿ ಇಲಾಖೆ ೧೯೯೯ರಲ್ಲಿಯೇ ತೀರ್ಮಾನಿಸಿತು. ಸೀಸೆ ಮೂಲೆಗೆ ಹೋದುದು ಸರಿಯಾಯಿತೆಂದು ನಿಮಗೂ ತೋರಬಹುದು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ರೋಗಾಣು ಬೆಳ್ಳಿಯನ್ನೂ ಎದುರಿಸಲು ಕಲಿಯಬಲ್ಲುದು! ೧೯೭೫ರಲ್ಲಿ ಅಮೇರಿಕದ ಬಾಸ್ಟನ್ ನಗರದಲ್ಲಿ, ಸುಟ್ಟಗಾಯದವರ ವಾರ್ಡಿನಲ್ಲಿ ಬೆಳ್ಳಿಯ ಲವಣಕ್ಕೂ ಜಗ್ಗದ ರೋಗಾಣು ಕಾಣಿಸಿಕೊಂಡು ಮೂವರು ಸತ್ತರು, ವಾರ್ಡನ್ನೇ ಮುಚ್ಚಬೇಕಾಯಿತು. ಬೆಳ್ಳಿಯನ್ನು ಎದುರಿಸುವ ಆ ವಿದ್ಯೆ ಇದ್ದುದು, ನಾವು ಮೊದಲು ಹೇಳಿದ ಹೆಪ್ಪಿನ ಬಳೆಯಲ್ಲಿಯೇ. ಆಂಟಿಬಯೋಟಿಕ್ಕನ್ನು ಎದುರಿಸುವ ವಿದ್ಯೆಯೂ ಅದೇ ಬಳೆಯಲ್ಲಿತ್ತು. ೨೦೧೮ರಲ್ಲಿ ಚೆಕ್ ದೇಶದ ಶಾಸ್ತ್ರಜ್ಞರು ನ್ಯಾನೋ ಕಣದ ವಿಷಯದಲ್ಲಿಯೂ ಇದನ್ನೇ ತೋರಿಸಿದರು. ಕೆಲವು ರೋಗಾಣುಗಳು ತಮ್ಮ ಬಾಲ ಕಟ್ಟುವ ಒಂದು ಪ್ರೋಟೀನನ್ನು ಹೊರಗೆ ಹೆಚ್ಚಾಗಿ ಬಿಟ್ಟು ಬೆಳ್ಳಿಯ ಕಣಗಳನ್ನು ಮುದ್ದೆ ಕಟ್ಟಿಸುತ್ತವೆ. ಮುದ್ದೆಯಾದ ಬೆಳ್ಳಿಗೆ ಮೊದಲಿನ ಮೈಯೂ ಇಲ್ಲ, ಬಲವೂ ಇಲ್ಲ. ಈ ಹಟವನ್ನು ಅವರು ಮುರಿದುದು ಯಾತರಿಂದ ಬಲ್ಲಿರಾ? ದಾಳಿಂಬೆಯ ಸಿಪ್ಪೆಯ ರಸದಿಂದ! ಅದು ಆ ಪ್ರೋಟೀನು ಹುಟ್ಟುವುದನ್ನೇ ತಡೆಯಿತು. ಹೊಟ್ಟೆ ಕೆಟ್ಟಾಗ ಅಜ್ಜಿ ಒಣಗಿಸಿಟ್ಟು ಕೊಡುತ್ತಿದ್ದ ಸಿಪ್ಪೆಗೆ ಪ್ರಯೋಗಶಾಲೆಯಲ್ಲಿ ಹೊಸದೊಂದು ಕೆಲಸ ದೊರಕಿತು. ಇದೂ ತಟ್ಟೆಯೊಳಗಿನ ಮಾತೇ. ಆದರೂ ಗಿಡಗಳಲ್ಲಿ ಹುಡುಕುವುದು ವ್ಯರ್ಥವಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ನಮ್ಮ ಮಕ್ಕಳು ಈ ಕೆಲಸಕ್ಕೆ ಇಳಿಯಬೇಕು, ಇಳಿದರೆ ಹೆಮ್ಮೆಪಡಬೇಕು.

ಹೀಗಿರಲಾಗಿ, ಸೋದರಳಿಯನಿಗೆ ನಾವು ಹೇಳಿದ ಉತ್ತರ ಇಷ್ಟು: ಬೆಳ್ಳಿಯ ಕಣ ಒಳ್ಳೆಯ ಆಸೆ, ಆದರೆ ಅಜ್ಜಿಯ ಜ್ವರಕ್ಕೆ ಇಂದಿನ ಔಷಧಿಯಲ್ಲ. ನಾಳೆ ಅದು ಔಷಧಿಯಾದರೂ, ಪೆನಿಸಿಲಿನನ್ನು ಕೆಡಿಸಿಕೊಂಡ ಕೈಗಳು ಬೆಳ್ಳಿಯನ್ನೂ ಕೆಡಿಸಿಕೊಳ್ಳುವುವು. ಆ ಕೈಗಳಲ್ಲಿ ನಮ್ಮವೂ ಎರಡು.

ಚಿಕ್ಕಮ್ಮ ಮನೆಗೆ ಬಂದ ಮೇಲೆ ಅವರ ಕೋಣೆಯನ್ನು ಸರಿಮಾಡುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಂದು ಕಾಲದಲ್ಲಿ ನಾವೇ ಬಿಸ್ಕತ್ತು ತಂದುಕೊಟ್ಟಿದ್ದ ಡಬ್ಬಿ. ಒಳಗೆ ಅರ್ಧರ್ಧ ಖಾಲಿಯಾದ ಗುಳಿಗೆಯ ಪಟ್ಟಿಗಳು: ಇಲ್ಲಿ ಎರಡು, ಅಲ್ಲಿ ಮೂರು, ಎಷ್ಟೋ ವರ್ಷಗಳ ಉಳಿಕೆ. ಎಲ್ಲವೂ ಮುಂಬಯಿಯವು, ನಮ್ಮ ಚೀಲದವು. "ಇದೆಲ್ಲ ಉಳಿಸಿದ್ದು ಎಂತಕ್ಕೆ, ಚಿಕ್ಕಮ್ಮ?" ಎಂದು ಕೇಳಿದೆವು. "ಜ್ವರ ಬಿಟ್ಟ ಮೇಲೆ ಗುಳಿಗೆ ಎಂತಕ್ಕೆ ಮಗಾ? ನೀನು ದುಡ್ಡು ಕೊಟ್ಟು ತಂದದ್ದು, ಇನ್ನೊಮ್ಮೆಗೆ ಆಯಿತು ಅಂತ ಇಟ್ಟೆ. ಎಷ್ಟು ದಿನ ತೆಗೆದುಕೊಳ್ಳಬೇಕು ಅಂತ ಅದರ ಮೇಲೆ ಬರೆದಿರಬಹುದು. ನನಗೆ ಇಂಗ್ಲಿಷು ಬರುತ್ತದಾ?" ಎಂದರು. ನೆರೆಮನೆಯ ಮಗುವಿಗೆ ಕೆಮ್ಮು ಬಂದಾಗಲೂ ಆ ಡಬ್ಬಿಯಿಂದಲೇ ಎರಡು ಕೊಟ್ಟಿದ್ದರಂತೆ. ಹೆಪ್ಪು ಕೊಟ್ಟಷ್ಟೇ ಸರಳ ಮನಸ್ಸಿನಿಂದ.

ಅವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ರಾಮಾಯಣ ಓದಿ ಹೇಳುವವರು. ನಾವು ಪದವಿ ಪಡೆದ ರಸಾಯನಶಾಸ್ತ್ರದ ಮಾಸ್ತರರು. ಒಂದು ಚೂರು ಕಾಗದದ ಮೇಲೆ, "ಇದನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು, ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು, ಬೇರೆಯವರಿಗೆ ಕೊಡಬಾರದು" ಎಂದು ಕನ್ನಡದಲ್ಲಿ ಮೂರು ಸಾಲು ಬರೆದು ಅಂಟಿಸಲು ನಮಗೆ ಇಷ್ಟು ವರ್ಷಗಳಲ್ಲಿ ಪುರುಸೊತ್ತಾಗಲಿಲ್ಲ. ಕಾರ್ಯದರ್ಶಿಗಳೇ, ರಾಜ್ಯೋತ್ಸವ ಬಂದುದು ಇಲ್ಲಿ.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಗುಳಿಗೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದ ಔಷಧಿ. ೨೦೧೬ರಲ್ಲಿ ಸರಕಾರವು ಇದನ್ನು ಜನರಿಗೆ ತಿಳಿಸುವ ಪ್ರಚಾರವನ್ನೇ ಕೈಕೊಂಡಿತ್ತು. ಗೆರೆ ಕಾಣಲಿ ಬಿಡಲಿ, ಆಂಟಿಬಯೋಟಿಕ್ಕನ್ನು ಚೀಟಿಯಿಲ್ಲದೆ ಕೇಳಬೇಡಿರಿ. ಅಂಗಡಿಯವನು ಕೊಟ್ಟರೂ ಕೊಳ್ಳಬೇಡಿರಿ. ನೆಗಡಿಗೂ ಸಾಮಾನ್ಯ ಶೀತಜ್ವರಕ್ಕೂ ಕಾರಣ ವೈರಸ್ಸು; ಅದರ ಮೇಲೆ ಈ ಔಷಧಿ ಕೆಲಸ ಮಾಡದು. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿರಿ, ಉಳಿಸಿ ಡಬ್ಬಿಗೆ ಹಾಕಬೇಡಿರಿ. ಊರಿಗೆ ಹೋಗುವಾಗ ಹಲ್ವ ಒಯ್ಯಿರಿ, ಸೀರೆ ಒಯ್ಯಿರಿ, ಈ ಗುಳಿಗೆಯನ್ನು ಮಾತ್ರ ಒಯ್ಯಬೇಡಿರಿ. ವೈದ್ಯರೇ ಬರೆದುಕೊಟ್ಟ ಔಷಧಿ ಹಿರಿಯರಿಗೆ ಇದ್ದರೆ, ಯಾವುದು, ಎಷ್ಟು, ಎಷ್ಟು ದಿನ ಎಂಬುದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿರಿ.

ನಮ್ಮ ಸಂಘದ ತರುಣರಿಗೆ ಒಂದು ಮಾತು. ಈ ಉಪನಗರದಲ್ಲಿ ಕನ್ನಡ ಮಾತ್ರ ಓದಬಲ್ಲ ಅಜ್ಜ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಮೊಮ್ಮಕ್ಕಳಿಗೆ ಇಂಗ್ಲಿಷು ಬರುತ್ತದೆ, ಮರಾಠಿ ಬರುತ್ತದೆ, ಕನ್ನಡ ಬರೆಯಲು ಬಾರದು. ಅಜ್ಜಿಯ ಔಷಧಿಯ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡುವಷ್ಟು ಅಕ್ಷರವನ್ನು ಆ ಮಗುವಿಗೆ ಕಲಿಸಿದರೆ, ಒಂದೇ ಏಟಿಗೆ ಎರಡು ಉಪಕಾರ ಮಾಡಿದಂತಾಯಿತು. ಭಾನುವಾರದ ಕನ್ನಡ ತರಗತಿಯಲ್ಲಿ ಇದೊಂದು ಪಾಠವಾಗಲಿ.

ಚಿಕ್ಕಮ್ಮ ಈಗ ಗುಣವಾಗಿದ್ದಾರೆ. ಡಬ್ಬಿಯಲ್ಲಿ ಈಗ ಲವಂಗ, ಏಲಕ್ಕಿ ಇಟ್ಟಿದ್ದಾರೆ. ಅದರ ಮುಚ್ಚಳದ ಮೇಲೆ ನಾವು ಬರೆದು ಅಂಟಿಸಿದ ಕಾಗದ ಹಾಗೆಯೇ ಇದೆ. ಮನೆಗೆ ಬಂದವರಿಗೆಲ್ಲ ಅದನ್ನು ಓದಿ ಹೇಳುತ್ತಾರಂತೆ.